ಮನುಷ್ಯರ ದನಿ ಹಿಡಿಯದ ಮೆಷಿನ್

ಮರದ ಮಿಲ್ಲಿನ ಗರಗಸ ಕಿರ್ರ್ ಎಂದು ಎಳೆದು, ದಿಮ್ಮಿ ಸೀಳಿದ ಮೇಲೆ ನಿಟ್ಟುಸಿರಿಟ್ಟು ನಿಲ್ಲುತ್ತಿತ್ತು. ಅತ್ತೆ ಸೊಸೆಯ ಮನೆ ಆ ಮಿಲ್ಲಿಗೆ ಒತ್ತಿಕೊಂಡೇ ಇದೆ. ಬೀದಿಯ ಈ ತುದಿಯ ಕಿವಿ ಮೆಷಿನ್ ಅಂಗಡಿಗೂ ಸದ್ದು ಬರುತ್ತದೆ. ಸೊಸೆಯ ಜೊತೆ ಮೆಟ್ಟಿಲು ಹತ್ತಿ ಬಂದ ಅತ್ತೆ ಕೂರುವ ಮೊದಲೇ ಜಗಳ ತೆಗೆದಿದ್ದರು.

ಅತ್ತೆ: ನನ್ನ ಕಿವಿ ಮೇಲೆ ಹೂವಿಡಬೇಡಪ್ಪ. ಇದು ಕೆಟ್ಟಿದೆ ಅಂದ್ರೆ ಕೆಟ್ಟಿದೆ.

ಅಂಗಡಿಯವ: ಕೆಟ್ಟಿದ್ರೆ ನಾನು ಹೇಳಿದ್ದು ನಿಮಗೆ ಹೇಗಮ್ಮಾ ಕೇಳಿಸ್ತು?

ಅತ್ತೆ: ಇಲ್ಲಿ ಕೇಳಿಸುತ್ತೆ. ಮನೆ ಹೊಸ್ತಿಲು ದಾಟಿದ ಕೂಡಲೇ ನಿಂತುಹೋಗುತ್ತೆ.

ಅಂಗಡಿಯವ: ಮಿಲ್ಲಿನ ಸದ್ದಿಗೆ ಹಾಗಾಗ್ತಿರಬಹುದು.

ಅತ್ತೆ: ಮಿಲ್ಲು ಚೆನ್ನಾಗೇ ಕೇಳುತ್ತೆ. ನಲ್ಲಿ ತೊಟ್ಟಿಕ್ಕೋದು ಕೇಳುತ್ತೆ. ಗೋಡೆ ಗಡಿಯಾರ ಟಿಕ್ ಟಿಕ್ ಅಂತ ಪ್ರಾಣ ತಿನ್ನುತ್ತೆ. ಮನುಷ್ಯರದ್ದೊಂದೇ ಕೇಳಲ್ಲ. ಈ ಮೆಷಿನ್ನು ಮನುಷ್ಯರ ದನಿ ಹಿಡಿಯಲ್ಲ.

ಅಂಗಡಿಯವ ಮೆಷಿನ್ ಬಿಚ್ಚಿ, ಸಣ್ಣ ಬ್ರಷ್ಷಿನಿಂದ ಒರೆಸಿ, ಹೊಸ ಸೆಲ್ ಹಾಕಿ ಮತ್ತೆ ಅವರ ಕಿವಿಗೆ ಸಿಕ್ಕಿಸಿದ. ಬೆನ್ನ ಹಿಂದೆ ಹೋಗಿ ನಿಂತು ಪಿಸುಗುಟ್ಟಿದ.

ಅಂಗಡಿಯವ: ನಿಮ್ಮ ವಯಸ್ಸೆಷ್ಟಮ್ಮಾ?

ಅತ್ತೆ: ಹಿಂದೆ ನಿಂತು ಹೆಂಗಸರ ವಯಸ್ಸು ಕೇಳ್ತೀಯಾ? ಮುಂದೆ ಬಂದು ಕೇಳೋಕೆ ಧೈರ್ಯ ಇಲ್ವಾ?

ಅಂಗಡಿಯವ: ಕಿವಿ, ಮೆಷಿನ್ನು ಎರಡೂ ಗಟ್ಟಿಮುಟ್ಟಾಗಿವೆ. (ಸೊಸೆಯ ಕಡೆ ತಿರುಗಿ) ನೀವೇ ಹೇಳಿ, ಮನೇಲಿ ಇವರಿಗೆ ಕೇಳಿಸುತ್ತೋ ಇಲ್ವೋ?

ಸೊಸೆ: ಅತ್ತೆ ಹೇಳಿದ ಹಾಗೆ.

ಅಂಗಡಿಯವ: ಅಂದ್ರೆ ಕೇಳಿಸಲ್ವಾ?

ಸೊಸೆ: ಅವರಿಗೆ ಹೇಗನ್ನಿಸುತ್ತೋ ಹಾಗೆ.

ಅತ್ತೆ: ನೋಡಿದ್ಯಾ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡ್ತಾಳೆ. ಮೊದಲು ಹೀಗಿರಲಿಲ್ಲಪ್ಪ. ಬಾಯಿ ತೆಗೆದ್ರೆ ಮಿಲ್ಲಿನವರೇ ಗರಗಸ ನಿಲ್ಲಿಸಿ ಕೇಳ್ತಿದ್ರು.

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಆಕೆ ಅದನ್ನು ಎದೆಗೊತ್ತಿಕೊಂಡು, ಅತ್ತೆಯ ಕಿವಿಯನ್ನೊಮ್ಮೆ ನೋಡಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಗಾಜಿನಾಚೆ ಆಕೆಯ ಕೈಗಳು ಹಾರಾಡುವುದು, ಹುಬ್ಬು ಏರಿಳಿಯುವುದು ಕಾಣುತ್ತಿತ್ತು.

ಅತ್ತೆ: ಹಾಂ, ಈಗ ಮೆಷಿನ್ನು ನಿಂತುಹೋಯ್ತು. ನೋಡ್ಕೋ!

ಅಂಗಡಿಯವ: ಅಯ್ಯೋ, ಅವರು ಆಚೆ ಹೋದ್ರಮ್ಮ.

ಅತ್ತೆ: ಮನೇಲೂ ಅದೇ ಅಲ್ವಾ ಆಗೋದು? ನಾನು ಅಡಿಗೆಮನೆಗೆ ಬಂದ್ರೆ ಅವಳು ಬಟ್ಟೆ ಒಣಗಿಸೋಕೆ ಹೋಗ್ತಾಳೆ. ನನ್ನ ಮಗ ಪಕ್ಕದಲ್ಲಿ ಕೂತ ಹೆಂಡತಿಗೇ ಮೊಬೈಲಲ್ಲಿ ಬರೀತಾನೆ. ಇವಳು ಓದಿ ನಗ್ತಾಳೆ. ಜಗಳ ಬಂದ್ರೆ ಇಬ್ಬರೂ ತಾರಸಿಗೆ ಹತ್ತುತ್ತಾರೆ. ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಮ್ಮನೇಲಿ ಗೋಡೆ ಮುಂದೆ ಮಾತಾಡ್ತಾರೆ, ನನ್ನ ಮುಂದೆ ಆಡಲ್ಲ.

ಅಂಗಡಿಯವ: ಮೆಷಿನ್ ಹಾಕೋಕೆ ಮುಂಚೆ?

ಅತ್ತೆ: ಆಗ ಸಂತೆ ಕಣಪ್ಪ! ನಾನು ಸೊಪ್ಪು ಬಿಡಿಸ್ತಾ ಕೂತ್ರೆ ಇವಳು ಎದುರಿಗೇ ಕೂತು ಒಂದೇ ಸಮ ಹೇಳ್ತಿದ್ಲು. ಏನು ಅಂತ ಯಾರಿಗೆ ಗೊತ್ತು. ಅರ್ಧ ನನ್ನನ್ನೇ ಬೈತಿದ್ಲು.

ಅಂಗಡಿಯವ: ಕೇಳದೇ ಇದ್ರೂ ಬೈತಿದ್ದಾರೆ ಅಂತ ಗೊತ್ತಾಗ್ತಿತ್ತಾ?

ಅತ್ತೆ: ಗೊತ್ತಾಗದೆ ಏನು? ಆದ್ರೂ ಮುಖ ನನ್ನ ಕಡೆ ಇರ್ತಿತ್ತಲ್ಲಪ್ಪ.

ಅಂಗಡಿಯವ ಬ್ರಷ್ಷನ್ನು ಮೇಜಿನ ಮೇಲಿಟ್ಟ.

ಅಂಗಡಿಯವ: ಅವರಿಗೇನಾಯ್ತು ಮತ್ತೆ? ನೀವೇನಾದ್ರೂ ಅಂದ್ರಾ?

ಅತ್ತೆ: ನಾನೇನೂ ಅನ್ನಲಿಲ್ಲ. ಮೆಷಿನ್ ಹಾಕಿದ ಮೊದಲ ದಿನ ಊಟಕ್ಕೆ ಕೂತಾಗ ಅವಳು ಹೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

ಅಂಗಡಿಯವ: ಎಲ್ಲದಕ್ಕೂ?

ಅತ್ತೆ: ಒಂದೂ ಬಿಡಲಿಲ್ಲ. ಎಷ್ಟು ವರ್ಷದ್ದು ಬಾಕಿ ಇತ್ತು! ಅಲ್ಲಿಗೆ ಅವಳ ಬಾಯಿಗೆ ಬೀಗ ಬಿತ್ತು ನೋಡು. (ತಗ್ಗಿದ ದನಿಯಲ್ಲಿ) ಒಂದು ಉಪಕಾರ ಮಾಡು. ಅವಳು ಬಂದಮೇಲೆ, ಮೆಷಿನ್ನು ಪೂರ್ತಿ ಕೆಟ್ಟಿದೆ, ಸಿಡಿಲು ಬಡಿದ್ರೂ ಕೇಳಲ್ಲ ಅಂತ ಜೋರಾಗಿ ಹೇಳಿಬಿಡು.

ಅಂಗಡಿಯವ: ಸುಳ್ಳಲ್ವಾ ಅಮ್ಮ? ನನ್ನ ಅಂಗಡಿ ಮರ್ಯಾದೆ?

ಅತ್ತೆ: ನಿನ್ನ ಅಂಗಡಿ ಮರ್ಯಾದೆ ಇದ್ದೇ ಇರುತ್ತೆ. ನನ್ನ ಮನೇಲಿ ಮಾತೇ ಹೋಗಿದೆಯಲ್ಲ.

ಬಾಗಿಲು ತೆರೆಯಿತು. ಸೊಸೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅಂಗಡಿಯವ ಒಮ್ಮೆ ಕೆಮ್ಮಿದ.

ಅಂಗಡಿಯವ: ನೋಡಿ, ಇದು ಒಳಗೆ ಸತ್ತಿದೆ. ಬೇರೆ ಪಾರ್ಟ್ ತರಿಸಬೇಕು, ತಿಂಗಳಾಗಬಹುದು. ಅಲ್ಲಿಯವರೆಗೆ ಇವರಿಗೆ ಏನೂ ಕೇಳಿಸಲ್ಲ.

ಸೊಸೆ: ಏನೂ?

ಅಂಗಡಿಯವ: ಸಿಡಿಲು ಬಡಿದ್ರೂ.

ಸೊಸೆ: ಅತ್ತೇ?

ಅತ್ತೆ ಗೋಡೆಯ ಮೇಲಿನ ದೊಡ್ಡ ಕಿವಿಯ ಚಿತ್ರವನ್ನು ಭಕ್ತಿಯಿಂದ ನೋಡುತ್ತಿದ್ದರು.

ಸೊಸೆ: ಅತ್ತೇ, ನಿಮ್ಮ ಸೀರೆ ಮೇಲೆ ಜಿರಲೆ!

ಅತ್ತೆಯ ಕಾಲ್ಬೆರಳುಗಳು ಮಾತ್ರ ಮಡಚಿಕೊಂಡವು. ಸೊಸೆ ಕುರ್ಚಿಗೆ ಪೂರ್ತಿ ಒರಗಿದಳು.

ಸೊಸೆ: ಉಸ್ಸಪ್ಪಾ! ಇಷ್ಟು ದಿನ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಸ್ವಾಮಿ, ಈ ಮುದುಕಿ ಇದೆಯಲ್ಲ, ನಾನು ಉಪ್ಪು ಹಾಕಿದ ಮೇಲೆ ಕದ್ದು ಇನ್ನೊಂದು ಚಿಟಿಕೆ ಹಾಕುತ್ತೆ. ಆಮೇಲೆ ಮಗನ ಮುಂದೆ ನಾಲಿಗೆ ಚಪ್ಪರಿಸಿ ಮುಖ ಕಿವುಚುತ್ತೆ. ಹಾಲು ಉಕ್ಕಿಸಿ ತಪ್ಪನ್ನ ಬೆಕ್ಕಿನ ಮೇಲೆ ಹಾಕುತ್ತೆ. ನಮ್ಮನೇಲಿ ಬೆಕ್ಕೇ ಇಲ್ಲ!

ಅತ್ತೆಯ ಬಾಯಿ ತೆರೆಯಿತು. ಅಂಗಡಿಯವ ಕಣ್ಣು ದೊಡ್ಡದು ಮಾಡಿದ. ಅತ್ತೆಯ ಬಾಯಿ ಆಕಳಿಸಿದ ಹಾಗೆ ಮಾಡಿ ಮುಚ್ಚಿಕೊಂಡಿತು.

ಅಂಗಡಿಯವ: ಹಾಗಾದ್ರೆ ಮೆಷಿನ್ ಕೆಟ್ಟಿದ್ದು ನಿಮಗೆ ಸಂತೋಷ ಅನ್ನಿ.

ಸೊಸೆ: ಹೂಂ ಮತ್ತೆ. ಮನಸ್ಸು ಬಿಚ್ಚಿ ಹೇಳ್ಕೊಳ್ಳೋಕೆ ನಂಗಿದ್ದದ್ದು ಇವರೊಬ್ಬರೇ.

ಅಂಗಡಿಯವ: ಕಿವಿ ಕೇಳದವರ ಹತ್ರ?

ಸೊಸೆ: ಕೇಳೋರ ಹತ್ರ ಹೇಳಿ ನೋಡಿ, ಮಾತು ಮುಗಿಯೋ ಮೊದಲೇ ಬುದ್ಧಿ ಹೇಳ್ತಾರೆ. ಇವರು ಸುಮ್ಮನೆ ಸೊಪ್ಪು ಬಿಡಿಸ್ತಾ ನನ್ನ ಮುಖ ನೋಡ್ತಿದ್ರು. ನಾನು ಅತ್ತರೆ ಸೊಪ್ಪು ಕೆಳಗಿಡ್ತಿದ್ರು. ಅಷ್ಟೇ. ಕಿವಿ ಬಂತು, ಅದೂ ಹೋಯ್ತು.

ಅಂಗಡಿಯವನಿಗೆ ತಡೆಯಲಾಗಲಿಲ್ಲ. ಅತ್ತೆಯ ಕಡೆ ಬಾಗಿ ಮೆಲ್ಲಗೆ ಕೇಳಿದ.

ಅಂಗಡಿಯವ: ಅಮ್ಮಾ, ಈಗಲಾದ್ರೂ ಒಂದು ಮಾತು ಹೇಳಬಾರದಾ?

ಅತ್ತೆ ಮತ್ತೆ ಗೋಡೆಯ ಕಿವಿಯ ಚಿತ್ರಕ್ಕೇ ಕಣ್ಣು ನೆಟ್ಟರು.

ಸೊಸೆ: ಅವರಿಗೆ ಕೇಳಲ್ಲ ಕಣ್ರೀ! ನೀವೇ ತಾನೇ ಹೇಳಿದ್ದು? (ಅತ್ತೆಯ ತೋಳು ಹಿಡಿದು ಎಬ್ಬಿಸುತ್ತಾ) ಏಳಿ ಅತ್ತೆ. ಸತ್ತ ಮೆಷಿನ್ನನ್ನು ಕಿವಿಗೆ ಸಿಕ್ಕಿಸ್ಕೊಂಡು ಮೆರೀತಿದ್ದಾರೆ ನೋಡಿ. ಇರಲಿ, ಒಡವೆ ಹಾಗೆ ಕಾಣುತ್ತೆ.

ಇಬ್ಬರೂ ಮೆಟ್ಟಿಲಿಳಿಯತೊಡಗಿದರು. ಸೊಸೆ ಒಂದು ಮೆಟ್ಟಿಲು ಮುಂದೆ, ಮುಖ ಪೂರ್ತಿ ಹಿಂದಕ್ಕೆ, ಅತ್ತೆಯ ಕಡೆಗೆ. ದನಿ ಇಳಿಯಿತು.

ಸೊಸೆ: ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಈಗ ಫೋನ್ ಮಾಡಿದ್ದು ಆಫೀಸಿನವರೇ. ಮುಂದಿನ ವಾರದಿಂದ ನನ್ನನ್ನ ಕೆಲಸಕ್ಕೆ ಬರಬೇಡ ಅಂದುಬಿಟ್ರು ಅತ್ತೆ. ಮನೆಗೆ ಹೋಗಿ ಯಾವ ಮುಖ ಇಟ್ಕೊಂಡು...

ಅತ್ತೆಯ ಕೈ ಕಂಬಿಯ ಮೇಲೆ ಬಿಗಿಯಿತು. ಅಷ್ಟು ಉತ್ತರಗಳಿದ್ದ ಹೆಂಗಸು, ಏನೂ ಕೇಳದವರ ಹಾಗೆ ಸೊಸೆಯ ಮುಖವನ್ನೇ ನೋಡುತ್ತಾ ಇಳಿದರು.

ಸೊಸೆ: ...ನೀವಾದ್ರೂ ಹೇಳಿ ಅಂತ ಕೇಳೋಣ ಅಂದ್ರೆ, ನಿಮಗೆ ಎಲ್ಲಿ ಕೇಳಿಸುತ್ತೆ, ಕೇಳಿಸಿದ್ದಿದ್ರೆ ನಾನಾದ್ರೂ ಎಲ್ಲಿ ಹೇಳ್ತಿದ್ದೆ, ಅದಕ್ಕೇ ಅತ್ತೆ ನಾನು ಒಂದು...

ಬೀದಿಯ ಆ ತುದಿಯಲ್ಲಿ ಗರಗಸ ಕಿರ್ರ್ ಎಂದಿತು, ಸೊಸೆಯ ಮಾತು ಮಾತ್ರ ನಿಲ್ಲಲಿಲ್ಲ.