ಹದಿನಾಲ್ಕು ಸಾಲಿನ ಕೃಷಿಕರು

ವುಡಿನ್‌ವಿಲ್‌ನ ಹೊನ್ನಾರು ಕನ್ನಡ ಬಳಗದ ಸದಸ್ಯರೆಲ್ಲರೂ ಕೃಷಿಕರು. ಇದು ಸರ್ಕಾರಿ ಕಡತದಲ್ಲಿ ನಮೂದಾಗಿರುವ ಸಂಗತಿ. ಅವರಲ್ಲಿ ಬಹುಪಾಲು ಮಂದಿ ಬೆಳಗಾದರೆ ಬಸ್ಸು ಹಿಡಿದು ಸೌತ್ ಲೇಕ್ ಯೂನಿಯನ್‌ಗೆ ಹೋಗಿ, ಗಾಜಿನ ಕಟ್ಟಡಗಳಲ್ಲಿ ಕೂತು ಸಾಫ್ಟ್‌ವೇರ್ ಬರೆದು, ಸಂಜೆ ಮನೆಗೆ ಬರುತ್ತಾರೆ ಎಂಬುದು ಇದಕ್ಕೆ ಯಾವ ರೀತಿಯಲ್ಲೂ ಅಡ್ಡಿಯಾಗಿಲ್ಲ. ಪ್ರಚಾರ ಕಾರ್ಯದರ್ಶಿಯಾಗಿ ಈ ವರದಿಯನ್ನು ಸಲ್ಲಿಸುವ ಭಾಗ್ಯ ನನ್ನದು.

ಬಳಗವನ್ನು ನೋಂದಾಯಿಸುವಾಗ ಅಧ್ಯಕ್ಷರಾದ ಅಶ್ವತ್ಥ ಅವರು ಅದರ ಧ್ಯೇಯವನ್ನು ಕನ್ನಡದಲ್ಲೇ ಬರೆದಿದ್ದರು: "ಹೊರನಾಡಿನಲ್ಲಿ ಸಾಹಿತ್ಯ ಕೃಷಿ ಮಾಡುವುದು ಮತ್ತು ಕನ್ನಡದ ಬೀಜ ಬಿತ್ತುವುದು." ಇದನ್ನು ಇಂಗ್ಲಿಷಿಗೆ ತರುವ ಹೊಣೆಯನ್ನು ಸಂದೀಪ್ ಎಂಬ ಉತ್ಸಾಹಿ ಸದಸ್ಯರು ಹೊತ್ತರು, ಅವರು ಅದನ್ನು ಒಂದು ಅನುವಾದ ಯಂತ್ರದ ಮೇಲೆ ಹೊರಿಸಿದರು. ಯಂತ್ರವು ಕೃಷಿಯನ್ನು ಬೇಸಾಯವೆಂದೇ ತಿಳಿಯಿತು, ಬೀಜವನ್ನು ಬೀಜವೆಂದೇ. ಸಾಹಿತ್ಯ ಎಂಬ ಪದ ಅರ್ಜಿಯ ಚೌಕದಲ್ಲಿ ಹಿಡಿಸದೆ ಬಿದ್ದುಹೋಯಿತು. ಹೊನ್ನಾರು ಎಂದರೆ ಯುಗಾದಿಯಂದು ಪೂಜೆ ಮಾಡಿ ಹೂಡುವ ವರ್ಷದ ಮೊದಲ ಉಳುಮೆ. ಹೆಸರೂ ಒಕ್ಕಲುತನದ್ದೇ ಆದ್ದರಿಂದ ಕಚೇರಿಯವರಿಗೆ ಸಂಶಯ ಬರಲಿಲ್ಲ. ಬಳಗವು ಕೃಷಿ ಸಂಸ್ಥೆಯೆಂದು ಪ್ರಮಾಣಪತ್ರ ಬಂತು. ತಪ್ಪನ್ನು ಕೂಡಲೇ ತಿದ್ದಿಸಬೇಕೆಂದು ಕಾರ್ಯಕಾರಿ ಸಮಿತಿ ಒಮ್ಮತದಿಂದ ತೀರ್ಮಾನಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿತು.

ಬಳಗದಲ್ಲಿ ಮಣ್ಣು ಮುಟ್ಟುವವರು ಒಬ್ಬರಿದ್ದರು. ಬೆಂಗಳೂರಿನ ಸರ್ಫರಾಜ್ ಅವರು ಮುಕಿಲ್ಟಿಯೊ ಕಡೆ ಎಂಜಿನಿಯರ್ ಆಗಿದ್ದವರು, ಅದನ್ನು ಬಿಟ್ಟು ಕಣಿವೆಯಲ್ಲಿ ಒಂದಿಷ್ಟು ಜಮೀನು ಗೇಣಿಗೆ ಹಿಡಿದಿದ್ದರು. ಅವರು ಬೆಳೆದ ಹರಿವೆ, ಮೆಂತ್ಯ, ಗುಂಡು ಬದನೆ ನಮ್ಮೆಲ್ಲರ ಮನೆಯ ಹುಳಿಗೂ ಪಲ್ಯಕ್ಕೂ ಬೀಳುತ್ತಿದ್ದವು. ಗೇಣಿಗೆ ಇದ್ದದ್ದು ಒಂದೇ ಷರತ್ತು: ಮೇ ತಿಂಗಳು ಮುಗಿಯುವುದರೊಳಗೆ ಇಡೀ ಹೊಲ ಉತ್ತಿರಬೇಕು, ಇಲ್ಲವಾದರೆ ಜಮೀನು ಒಡೆಯನಿಗೆ ವಾಪಸು. ಪಕ್ಕದ ವೈನರಿಯವರು ಪಾರ್ಕಿಂಗ್‌ಗೆ ಜಾಗ ಕೇಳುತ್ತಲೇ ಇದ್ದುದರಿಂದ ಒಡೆಯ ಪ್ರತಿ ವರ್ಷವೂ ಆ ದಿನವನ್ನು ಆಸೆಯಿಂದ ಕಾಯುತ್ತಿದ್ದ.

ಈ ಸಲದ ಯುಗಾದಿಗೆ ಎತ್ತು ಸಿಗದ ಕಾರಣ, ಸರ್ಫರಾಜ್ ಅವರ ಟ್ರ್ಯಾಕ್ಟರ್‌ಗೇ ಅರಿಶಿನ ಕುಂಕುಮ ಹಚ್ಚಿ ಹೊನ್ನಾರು ಹೂಡಲಾಯಿತು. ಮಣ್ಣಿನ್ನೂ ಹಸಿಯಾಗಿತ್ತು. ಅವರು ಶಾಸ್ತ್ರಕ್ಕೆ ಒಂದೇ ಒಂದು ಸಾಲು ಉತ್ತು, ಉಳಿದದ್ದು ಮೇ ತಿಂಗಳಲ್ಲಿ ಎಂದರು. ಆಮೇಲೆ ಟ್ರ್ಯಾಕ್ಟರ್‌ಗೆ ಡೀಸೆಲ್ ತುಂಬಿಸುವಾಗ ಅದು ಕೆಂಪಗಿರುವುದನ್ನು ಅಶ್ವತ್ಥ ಅವರು ಕಂಡರು.

"ಏನ್ರೀ ಇದು ಸರ್ಫರಾಜ್, ಡೀಸೆಲ್‌ಗೂ ಕುಂಕುಮ ಹಾಕಿದೀರಾ?"

"ಇಲ್ಲ ಸರ್, ಇದು ಹೊಲದ ಡೀಸೆಲ್. ರೋಡ್ ಮೇಲೆ ಓಡಿಸೋ ಹಂಗಿಲ್ಲ, ಅದಕ್ಕೇ ರೋಡ್ ಟ್ಯಾಕ್ಸೂ ಇಲ್ಲ. ಗುರುತಿಗೆ ಅಂತ ಬಣ್ಣ ಹಾಕಿರ್ತಾರೆ. ನಿಮ್ಮ ಪಿಕಪ್‌ಗೆ ಮಾತ್ರ ಅಪ್ಪಿತಪ್ಪಿ ಹಾಕ್ಬೇಡಿ. ಟ್ಯಾಂಕ್ ಒಳಗೆ ಪೈಪ್ ಬಿಟ್ಟು ನೋಡ್ತಾರೆ, ಕೆಂಪಗಿದ್ರೆ ಫೈನು."

"ಯಾರಿಗೆ ಕೊಡ್ತಾರೆ ಇದನ್ನ?"

"ಕೃಷಿಕರಿಗೆ ಸರ್."

ಅಶ್ವತ್ಥ ಅವರು ತಮ್ಮ ಪಿಕಪ್ ಕಡೆ ತಿರುಗಿ ನೋಡಿದರು. ಅವರು ಮೂರು ಕವನ ಸಂಕಲನ ತಂದಿರುವ ಹಿರಿಯ ಕೃಷಿಕರು.

ಮಾರನೇ ವಾರ ಬಳಗವು ಸರ್ಫರಾಜ್ ಅವರಿಗೆ ಒಂದು ಉಪಕಾರ ಮಾಡಿತು. ಡೀಸೆಲ್ ಲಾರಿಯವನು ದೊಡ್ಡ ಆರ್ಡರ್ ಇಲ್ಲದೆ ಬರುವುದಿಲ್ಲವೆಂದು ಅವರು ಗೊಣಗುತ್ತಿದ್ದರಷ್ಟೆ. ಹೊಲದ ಮೂಲೆಯಲ್ಲಿದ್ದ ಅವರ ಟ್ಯಾಂಕನ್ನು ಬಳಗದ ಹೆಸರಿಗೆ ಮಾಡಿಸಿ, ಆರ್ಡರನ್ನು ದೊಡ್ಡದು ಮಾಡಲಾಯಿತು. ರಾಜ್ಯೋತ್ಸವದ ಜನರೇಟರ್‌ಗೆ ಬೇಕಾಗಿರಬಹುದೆಂದು ತಿಳಿದು ಅವರು ಸಹಿ ಹಾಕಿದರು. ಸಹಿ ಒಣಗುವ ಮೊದಲೇ ಈ ಪ್ರಕಟಣೆ ಹೊರಬಿತ್ತು:

"ಸದಸ್ಯರು ಸಾಹಿತ್ಯ ಕೃಷಿಗೆ ಸಂಬಂಧಿಸಿದ ಪ್ರಯಾಣಕ್ಕೆ ಮಾತ್ರ ಕೆಂಪು ಡೀಸೆಲ್ ಬಳಸತಕ್ಕದ್ದು. ವಾಹನ ಚಲಾಯಿಸುವಾಗ ಮನಸ್ಸಿನಲ್ಲಿ ಕವನ ಕಟ್ಟುತ್ತಿರತಕ್ಕದ್ದು. ಸಿಗ್ನಲ್‌ನಲ್ಲಿ ನಿಂತಾಗ ಪ್ರಾಸ ಹುಡುಕಬಹುದು. ಆಫೀಸಿನ ಯೋಚನೆ ಬಂದಲ್ಲಿ ವಾಹನವನ್ನು ಕೂಡಲೇ ರಸ್ತೆ ಬದಿಗೆ ನಿಲ್ಲಿಸತಕ್ಕದ್ದು."

ನಮ್ಮಲ್ಲಿ ಇಷ್ಟೊಂದು ಕವಿಗಳಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಜನ ಬ್ಯಾಟರಿ ಕಾರು ಮಾರಿ ಹಳೇ ಡೀಸೆಲ್ ಪಿಕಪ್ ಕೊಂಡರು. ಮಕ್ಕಳನ್ನು ಈಜು ಕ್ಲಾಸಿಗೆ ಬಿಡುವುದು ಶಿಶುಸಾಹಿತ್ಯವೆಂದು ಸಮಿತಿ ಒಪ್ಪಿತು. ಗದ್ಯ ಬರೆಯುವವರಿಗೆ ಅರ್ಧ ಟ್ಯಾಂಕ್ ಸಾಕೆಂದಾಗ ಸಣ್ಣ ಗಲಾಟೆಯಾಗಿ, ಪ್ರಬಂಧವೂ ಬೆಳೆಯೇ ಎಂದು ತಿದ್ದುಪಡಿ ಬಂತು. ವಿಮರ್ಶಕರಿಗೆ ಮೊದಲು ಕೊಟ್ಟಿರಲಿಲ್ಲ. ಕಳೆ ಕೀಳುವುದೂ ಕೃಷಿಯೇ ಎಂದು ವಾದಿಸಿ ಅವರೂ ಪಡೆದರು. ನನ್ನ ಪಿಕಪ್‌ನ ಟ್ಯಾಂಕ್ ತುಸು ದೊಡ್ಡದು, ಆದ್ದರಿಂದ ನಾನು ಕಾದಂಬರಿಗೆ ಕೈಹಾಕಿದೆ.

ಮೇ ತಿಂಗಳ ಕವಿಗೋಷ್ಠಿಯ ದಿನ ಸಭಾಂಗಣದ ಹೊರಗೆ ಪಿಕಪ್‌ಗಳು ಸಾಲುಗಟ್ಟಿ ನಿಂತಿದ್ದಾಗ, ಮೂರು ಕಣಿವೆಗಳ ಇಂಧನ ವರ್ಣ ಪರಿಶೀಲನಾ ಕಚೇರಿಯಿಂದ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಬಹಳ ಸಭ್ಯ ಹೆಂಗಸು. ಅಶ್ವತ್ಥ ಅವರ ಟ್ಯಾಂಕಿಗೆ ಪೈಪ್ ಬಿಟ್ಟು ಎತ್ತಿದರು. ಕೆಂಪು. ಪಕ್ಕದ್ದೂ ಕೆಂಪು. ನನ್ನದು ಎಲ್ಲಕ್ಕಿಂತ ಕೆಂಪು.

ಬಳಗದ ಕಾರ್ಯದರ್ಶಿ ವಸಂತಲಕ್ಷ್ಮಿ ಅವರು ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿಕೊಂಡು ಹೊರಗೆ ಬಂದರು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿ, ನಿಮ್ಮ ಬೆಳೆ ಏನು ಎಂದು ಕೇಳಿದರು. ಕವನ, ಎಂದರು ವಸಂತಲಕ್ಷ್ಮಿ. ಇನ್‌ಸ್ಪೆಕ್ಟರ್ ನಿಯಮಾವಳಿ ತಿರುವಿ ಹಾಕಿದರು. ಅದರಲ್ಲಿ ಕವನ ಇರಲಿಲ್ಲ.

"ತಿನ್ನುವಂಥದ್ದೇ, ತಿನ್ನಲಾಗದ್ದೇ?"

"ತಿನ್ನಲಾಗದ್ದು," ಎಂದರು ವಸಂತಲಕ್ಷ್ಮಿ. ಈ ಪ್ರಕರಣದಲ್ಲಿ ಯಾರಾದರೂ ಹೇಳಿದ ನಿಜ ಇದೊಂದೇ.

"ಎಷ್ಟು ಸಾಲು ಇದೆ?"

"ಒಬ್ಬೊಬ್ಬರದೂ ಹದಿನಾಲ್ಕು."

ಆ ತಿಂಗಳು ಎಲ್ಲರೂ ಬರೆದದ್ದು ಸುನೀತ. ಇಂಗ್ಲಿಷಿನಲ್ಲಿ ಕವನದ ಸಾಲಿಗೆ ಒಂದು ಪದ, ಹೊಲದ ಸಾಲಿಗೆ ಇನ್ನೊಂದು. ವಸಂತಲಕ್ಷ್ಮಿ ಅವರು ಹೊಲದ ಪದವನ್ನೇ ಬಳಸಿದರು. ಕನ್ನಡದಲ್ಲಿ ಎರಡಕ್ಕೂ ಸಾಲು ಎಂದೇ ಹೇಳುವುದರಿಂದ ಇದು ಸುಳ್ಳಲ್ಲ, ಅಭಿಮಾನ ಎಂದು ಆಮೇಲೆ ನಮಗೆ ವಿವರಿಸಿದರು. ಇನ್‌ಸ್ಪೆಕ್ಟರ್ ಮೆಚ್ಚಿ ಬರೆದುಕೊಂಡು ಹೋದರು. ವಾರದೊಳಗೆ ಕಚೇರಿಯಿಂದ ಹೊಸ ನಿಯಮ ಬಂತು: ಈ ಭಾಗದಲ್ಲಿ ಕೃಷಿಕ ಎನಿಸಿಕೊಳ್ಳಲು ಕನಿಷ್ಠ ಹದಿನಾಲ್ಕು ಸಾಲು ಇರತಕ್ಕದ್ದು, ಸಾಲುಗಳನ್ನು ನೋಂದಾಯಿತ ಕೃಷಿ ಸಂಸ್ಥೆಯೊಂದು ದೃಢೀಕರಿಸತಕ್ಕದ್ದು.

ಆಮೇಲೆ ಇನ್‌ಸ್ಪೆಕ್ಟರ್ ಟ್ಯಾಂಕ್ ನೋಡಲು ಹೊಲಕ್ಕೆ ಹೋದರು. ಅಲ್ಲಿ ಒಂದೇ ಸಾಲು ಇತ್ತು, ಯುಗಾದಿಯದು. ಜೊತೆಗೆ ಶೆಡ್ಡು ರಸ್ತೆಯ ಆಚೆಗಿದ್ದುದರಿಂದ ಸರ್ಫರಾಜ್ ಅವರ ಟ್ರ್ಯಾಕ್ಟರ್ ಹೊಲಕ್ಕೆ ಬರುವಾಗೆಲ್ಲ ಕೆಂಪು ಡೀಸೆಲ್‌ನಲ್ಲಿ ರಸ್ತೆ ದಾಟುತ್ತಿತ್ತು. ದಾಟುವಾಗ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದ್ದಕ್ಕೆ ಅವರು, ಎರಡೂ ಕಡೆ ಕಾರು ಬರ್ತಿದೆಯಾ ನೋಡ್ತೀನಿ, ಎಂದರು. ಇದು ಕೃಷಿಯಲ್ಲವೆಂದು ತೀರ್ಮಾನವಾಗಿ ಟ್ರ್ಯಾಕ್ಟರ್‌ನ ಟ್ಯಾಂಕಿಗೆ ಸೀಲ್ ಬಿತ್ತು.

ಸರ್ಫರಾಜ್ ನೇರ ಅಶ್ವತ್ಥ ಅವರ ಮನೆಗೆ ಬಂದರು. ಹೆಂಡತಿ ರಾಹಿಲಾ ಅವರೂ ಜೊತೆಗಿದ್ದರು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಸರ್, ತಿಂಗಳೊಳಗೆ ಉಳದೇ ಇದ್ರೆ ಜಮೀನು ಹೋಗುತ್ತೆ. ಒಂದು ಮಾತು ಹೇಳಿ ಅವರಿಗೆ. ನಿಜವಾದ ಹೊಲ ಇರೋದು ನನ್ನ ಹತ್ರ ಅಲ್ವಾ?"

"ನಿಜ ಸುಳ್ಳು ಅನ್ನೋದು ನಮ್ಮ ಕೈಲಿಲ್ಲ ಸರ್ಫರಾಜ್," ಅಂದರು ಅಶ್ವತ್ಥ. "ರೂಲ್ ಅಂದ್ರೆ ರೂಲು. ಅಧ್ಯಕ್ಷನಾಗಿ ನಾನೇ ಮುರಿದ್ರೆ ಹೆಂಗೆ ಹೇಳಿ?"

"ಗ್ಯಾರೇಜ್ ತುಂಬ ಬದನೆ ಸಸಿ ನಿಂತಿದೆ ಅಣ್ಣ," ಅಂದರು ರಾಹಿಲಾ. "ಬೆಳಗ್ಗೆ ಹೊರಗಿಟ್ಟು ರಾತ್ರಿ ಒಳಗಿಟ್ಟು ಮಕ್ಕಳ ಹಂಗೆ ಸಾಕಿದೀನಿ."

"ಆಹಾ, ಎಷ್ಟು ಚೆನ್ನಾಗಿ ಹೇಳಿದ್ರಿ. ಅದನ್ನೇ ಬರೀರಿ."

ರಾಹಿಲಾ ನನ್ನ ಕಡೆ ನೋಡಿದರು. ಹೋದ ವರ್ಷ ಅವರು ಕೊಟ್ಟ ಮೆಂತ್ಯ ಇನ್ನೂ ನಮ್ಮ ಮನೆ ಫ್ರೀಜರ್‌ನಲ್ಲಿತ್ತು. ಆದರೆ ನನ್ನ ಪಿಕಪ್ಪೂ ಹೊರಗೇ ನಿಂತಿತ್ತು. ಕಾಫಿ ತಣ್ಣಗಾಗುತ್ತೆ ಎಂದು ಲೋಟ ಎತ್ತಿಕೊಂಡೆ.

ಸರ್ಫರಾಜ್ ಸುಮ್ಮನೆ ಕೂರುವವರಲ್ಲ. ಗುದ್ದಲಿ ಹಿಡಿದು, ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡದೆ ಬಾಕಿ ಹದಿಮೂರು ಸಾಲು ಅಗೆದರು. ದೃಢೀಕರಿಸಲು ವಸಂತಲಕ್ಷ್ಮಿ ಅವರು ಬೂಟಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಹೋಗಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ನಡೆದರು.

"ಶ್ರಮ ಕಾಣುತ್ತೆ ಸರ್ಫರಾಜ್ ಅವರೇ. ಇಲ್ಲ ಅನ್ನಲ್ಲ. ಆದ್ರೆ ಪ್ರಾಸ ಇಲ್ಲ. ನಾಲ್ಕನೇ ಸಾಲು ಎಲ್ಲೋ ವಾಲ್ಕೊಂಡು ಹೋಗಿದೆ."

"ಮೇಡಂ, ಅಲ್ಲಿ ಕಲ್ಲಿತ್ತು."

"ಕಲ್ಲು ಎಲ್ಲರಿಗೂ ಇರುತ್ತೆ. ಅದನ್ನ ದಾಟಿ ಬರೆಯೋದೇ ಅಲ್ವಾ ಕೃಷಿ."

ಕೊನೆಗೆ ಸರ್ಫರಾಜ್ ಅಡುಗೆಮನೆ ಮೇಜಿನ ಮುಂದೆ ಕೂತು ಹದಿನಾಲ್ಕು ಸಾಲು ಬರೆದರು. ಬರೆದು ತಂದುಕೊಟ್ಟಾಗ ಮೇ ತಿಂಗಳ ಕೊನೆಯ ವಾರ. ಕವನವನ್ನು ಒಪ್ಪಬೇಕಿದ್ದ ಆಯ್ಕೆ ಸಮಿತಿಯ ಸದಸ್ಯರೆಲ್ಲ ಮೆಮೋರಿಯಲ್ ಡೇ ರಜೆಗೆ ಕ್ಯಾಂಪಿಂಗ್ ಹೋಗಿದ್ದರು. ಪ್ರಕೃತಿ ಕವನಗಳಿಗೆ ಅದು ಅಗತ್ಯವಾದ್ದರಿಂದ ಎಲ್ಲರೂ ಟ್ಯಾಂಕ್ ತುಂಬಿಸಿಕೊಂಡೇ ಹೋಗಿದ್ದರು.

ಜೂನ್ ತಿಂಗಳ ಗೋಷ್ಠಿಯಲ್ಲಿ ಸರ್ಫರಾಜ್ ಅವರ ಕವನ ವಾಚನವಾಯಿತು. ಅವರು ಕನ್ನಡಕ ಹಾಕಿಕೊಂಡು, ಹಾಜರಿ ಕೂಗುವವರಂತೆ ಓದಿದರು: ಹರಿವೆ. ಮೆಂತ್ಯ. ಸಬ್ಬಸಿಗೆ. ಪಾಲಕ್. ಮೂಲಂಗಿ. ಗುಂಡು ಬದನೆ. ಹೀಗೆ ಸಾಲಿಗೊಂದರಂತೆ, ಈ ವರ್ಷ ಅವರು ಬಿತ್ತಬೇಕೆಂದಿದ್ದದ್ದೆಲ್ಲ. ಹದಿನಾಲ್ಕನೆಯ ಸಾಲಿನಲ್ಲಿ ಏನೂ ಇರಲಿಲ್ಲ. ಅಲ್ಲಿ ಅವರು ಸ್ವಲ್ಪ ಹೊತ್ತು ನಿಂತು, ಕಾಗದ ಮಡಚಿದರು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದರಲ್ಲಿ ಮಣ್ಣಿನ ವಾಸನೆ ಇದೆ ಎಂದು ಅಶ್ವತ್ಥ ಅವರು ಕಣ್ಣೊರೆಸಿಕೊಂಡರು. ಖಾಲಿ ಸಾಲಿನ ಧ್ವನಿಯ ಬಗ್ಗೆ ವಿಮರ್ಶಕರು ಊಟಕ್ಕೆ ಕರೆಯುವವರೆಗೂ ಮಾತಾಡಿದರು. ವಸಂತಲಕ್ಷ್ಮಿ ಅವರು ಅಲ್ಲೇ ದೃಢೀಕರಿಸಿದರು. ಇನ್‌ಸ್ಪೆಕ್ಟರ್ ಮಾರನೆಯ ದಿನವೇ ಬಂದು, ಅಭಿನಂದನೆ ಹೇಳಿ, ಟ್ರ್ಯಾಕ್ಟರ್‌ನ ಸೀಲ್ ಒಡೆದರು. ಅಷ್ಟರಲ್ಲಿ ಜಮೀನು ಒಡೆಯನಿಗೆ ಮರಳಿ, ಅಲ್ಲಿಂದ ವೈನರಿಗೆ ಹೋಗಿ, ಜಲ್ಲಿ ಬಿದ್ದು, ಡಾಂಬರು ಆಗಿತ್ತು. ರಾಹಿಲಾ ಅವರ ಸಸಿಗಳು ಟ್ರೇಯಲ್ಲೇ ಒಣಗಿದವು.

ಈಗ ಎಲ್ಲವೂ ಸುಗಮವಾಗಿದೆ. ಪಾರ್ಕಿಂಗ್ ಜಾಗದಲ್ಲಿ ಎಳೆದಿರುವ ಬಿಳಿ ಗೆರೆಗಳು ಬಹಳ ನೇರವಾಗಿದ್ದು, ಕಚೇರಿಯು ಅವನ್ನು ಬಳಗದ ಸಾಲುಗಳ ಲೆಕ್ಕಕ್ಕೆ ಸೇರಿಸಿ, ಡೀಸೆಲ್ ಪಾಲನ್ನು ಹೆಚ್ಚಿಸಿದೆ. ಮುಂದಿನ ಹೊನ್ನಾರು ಅಲ್ಲೇ. ಸರ್ಫರಾಜ್ ಅವರು ಟ್ರ್ಯಾಕ್ಟರ್ ಮಾರಿ ಪಿಕಪ್ ಕೊಂಡಿದ್ದಾರೆ, ಅದಕ್ಕೆ ಕೆಂಪು ಡೀಸೆಲ್ಲನ್ನೇ ಹಾಕುತ್ತಾರೆ, ಕೃಷಿಕರೆಂಬ ಕಾರ್ಡೂ ಇದೆ. ಬಳಗದ ಸದಸ್ಯರೆಲ್ಲರೂ ಕೃಷಿಕರು ಎಂದು ನಾನು ಮೊದಲಿಗೇ ಹೇಳಿದ್ದು ಅವರನ್ನೂ ಸೇರಿಸಿಯೇ.

ಹೋದ ಶನಿವಾರ ಇಂಡಿಯನ್ ಅಂಗಡಿಯಲ್ಲಿ ಸಿಕ್ಕರು. ಬಾಡಿದ ಹರಿವೆ ಸೊಪ್ಪಿನ ಕಂತೆಗಳನ್ನು ಇಬ್ಬರೂ ತಿರುವಿ ತಿರುವಿ ನೋಡಿದೆವು. ಇದನ್ನ ಎಲ್ಲಿ ಬೆಳೀತಾರೋ ಏನೋ, ಎಂದೆ ನಾನು, ಮಾತಿಗೆ.

ಸರ್ಫರಾಜ್ ಒಂದು ಕಂತೆ ಆರಿಸಿ ಬುಟ್ಟಿಗೆ ಹಾಕಿಕೊಂಡರು.

"ಯಾರೋ ಬೆಳೀತಾರೆ ಬಿಡಿ ಸರ್," ಎಂದರು. "ನಾವು ಕೃಷಿಕರು, ನಮಗೇನ್ ಗೊತ್ತಾಗುತ್ತೆ."