ಗುಲಾಬಿ ನೀರಿಗೆ ಬಿಳಿ ಪುಡಿ

೧೯೯೮ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಶಹಾಬಾದಿನ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿದ್ದ ಈಜುಕೊಳದ ನೀರು ಗುಲಾಬಿ ಬಣ್ಣದಿಂದ ಚಹಾದ ಬಣ್ಣಕ್ಕೆ ತಿರುಗಿತು. ಯಾವುದೇ ಪ್ರಾಣಹಾನಿ ಸಂಭವಿಸಲಿಲ್ಲ. ಕೊಳದಲ್ಲಿ ಆಗ ಯಾರೂ ಇರಲಿಲ್ಲ. ದಂಡೆಯ ಮೇಲೆ ನಾನಿದ್ದೆ, ನನ್ನ ಕೈಯಲ್ಲಿ ಖಾಲಿ ಬಕೆಟ್ ಇತ್ತು. ಹಾಗಾಗಿ ಕಾರಣಕರ್ತರ ಪತ್ತೆಗೆ ಹೆಚ್ಚಿನ ತನಿಖೆ ಬೇಕಾಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಸುದ್ದಿಮನೆಯ ಹಿರಿಯರು ಮೆಚ್ಚುತ್ತಿದ್ದರು. ಚಿತ್ತಾಪುರ, ಸೇಡಂ ತಾಲ್ಲೂಕುಗಳ ಸುದ್ದಿ ಕಳಿಸುತ್ತಾ ಬಂದ ನನಗೆ ಅವರು ಕಲಿಸಿದ್ದು ಮೂರೇ ಮಾತು: ಆದದ್ದನ್ನು ಮೊದಲು ಹೇಳು, ಬಣ್ಣ ಹಚ್ಚಬೇಡ, ಇಬ್ಬರು ಎರಡು ಮಾತು ಹೇಳಿದರೆ ಎರಡನ್ನೂ ಬರೆ. ಲಾರಿ ಪಲ್ಟಿಯಾದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಬರುವುದಿಲ್ಲ. ನನ್ನ ಹೆಂಡತಿ ಸುಮಾ "ಸಾರು ಹ್ಯಾಂಗ ಆಗ್ಯಾದ್ರಿ?" ಎಂದು ಕೇಳಿದರೆ "ಉಪ್ಪಿನ ಬಗ್ಗೆ ಭಿನ್ನಾಭಿಪ್ರಾಯ ಇದೆ" ಎನ್ನುವವನು ನಾನು. ಆಕೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಅದನ್ನೂ ನಾನು ಒಂದು ಬೆಳವಣಿಗೆ ಎಂದಷ್ಟೇ ದಾಖಲಿಸಿಕೊಳ್ಳುತ್ತಿದ್ದೆ.

ತಾಲ್ಲೂಕು ವರದಿಗಾರನಿಗೆ ಈಜುಕೊಳ ಎಲ್ಲಿಂದ ಬಂತು ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ನಮ್ಮ ಪತ್ರಿಕೆಯ ಕಚೇರಿಯಲ್ಲೂ ಮೂಡಿತ್ತು. ಮನೆ ನನ್ನದಲ್ಲ, ಶಿವಶರಣಪ್ಪ ಸಾಹುಕಾರರದು. ಅವರು ಫರಸಿ ಕಲ್ಲಿನ ವ್ಯಾಪಾರಿ. ನಮ್ಮ ಊರಲ್ಲಿ ಎಲ್ಲಿ ಅಗೆದರೂ ಹಾಸುಗಲ್ಲು ಪದರ ಪದರವಾಗಿ ಏಳುತ್ತದೆ. ಸಾಹುಕಾರರು ಮನೆ ಕಟ್ಟಿಸುವಾಗ ರಾವೂರಿನ ಖಣಿಯಿಂದ ಕಲ್ಲು ತರಿಸುವ ಬದಲು ತಮ್ಮ ಹಿತ್ತಲನ್ನೇ ಅಗೆಸಿದರು. ಮನೆ ಮುಗಿಯುವಷ್ಟರಲ್ಲಿ ಹಿಂದೆ ಹೆಚ್ಚುಕಡಿಮೆ ಮನೆಯಷ್ಟೇ ದೊಡ್ಡ ಗುಂಡಿ ಆಗಿತ್ತು. ಅದಕ್ಕೆ ಮಣ್ಣು ತುಂಬಿಸಲು ಮನಸ್ಸು ಬಾರದೆ, ನಾಲ್ಕೂ ಬದಿಗೆ ಪಾಲಿಶ್ ಕಲ್ಲು ಹೊದಿಸಿ, ಮೆಟ್ಟಿಲು ಇಳಿಸಿ, ನೀರು ತುಂಬಿಸಿ, ಹೈದರಾಬಾದಿನ ಬೀಗರಿಗೆ ಕರೆದು ತೋರಿಸಿದರು. ಬೀಗರು ನೋಡಿದರು, ಚಹಾ ಕುಡಿದರು, ಹೋದರು. ಆಮೇಲೆ ಸಾಹುಕಾರರೂ ಮಕ್ಕಳ ಓದಿಗೆಂದು ಗುಲಬರ್ಗಾ ಸೇರಿದರು. ನನಗೆ ಮನೆ ಕೊಡುವಾಗ ಒಂದೇ ಷರತ್ತು: ನೀರು ಕೆಡಬಾರದು. "ನೀರು ಹೊಲಸಾತು ಅಂದ್ರ ಮಂದಿ ಇದಕ್ಕ ಖಣಿ ಅಂತಾರ. ಛಲೋ ಇತ್ತು ಅಂದ್ರ ಸ್ವಿಮಿಂಗ್ ಪೂಲ್ ಅಂತಾರ. ಅಷ್ಟ ಫರಕು ನೋಡ್ರಿ ಸರ" ಎಂದು ಹೇಳಿ ಒಂದು ಡಬ್ಬಿ ಕೊಟ್ಟುಹೋದರು. ಅದರ ತುಂಬ ಕಡುನೇರಳೆ ಹರಳು. ನಮ್ಮ ಕಡೆ ಲಾಲ್ ದವಾ ಎನ್ನುತ್ತಾರೆ. ಊರಲ್ಲಿ ವಾಂತಿಭೇದಿ ಶುರುವಾದರೆ ಬಾವಿಗೆ ಹಾಕುತ್ತಿದ್ದ ಔಷಧ ಅದೇ. ಒಂದು ಹಿಡಿ ಎರಚಿದರೆ ಇಡೀ ಕೊಳ ಗುಲಾಬಿಯಾಗುತ್ತಿತ್ತು. ನಾವು ಅದರಲ್ಲಿ ಇಳಿಯುತ್ತಿರಲಿಲ್ಲ. ನಮ್ಮಿಬ್ಬರಿಗೂ ಈಜು ಬರುತ್ತಿರಲಿಲ್ಲ.

ಹೀಗಿರುವಾಗ ಅತ್ಯಾ ಬಂದರು. ಅತ್ಯಾ ಎಂದರೆ ನನ್ನ ತಂದೆಯ ತಂಗಿ. ಸೇಡಂನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ವಿಧವೆ, ಮಡಿಯ ವಿಷಯದಲ್ಲಿ ಯಾವ ರಾಜಿಗೂ ಒಪ್ಪದವರು. ನನ್ನ ವರದಿಗಳನ್ನು ಓದಿ "'ಎನ್ನಲಾಗಿದೆ' ಅಂತ ಬರದೀಯಲ್ಲ ಗುರ್ಯಾ, ಯಾರು ಅಂದ್ರು? ಹೆಸರಿಲ್ಲೇನು ಅವಗ?" ಎಂದು ಕೇಳುತ್ತಿದ್ದರು. ಅವರ ಕಷ್ಟ ಮೊಣಕಾಲಿನದು. ಮೊಣಕಾಲು ನೋವು ಎಲ್ಲರಿಗೂ ಇರುತ್ತದೆ, ಅದರಲ್ಲೇನು ಸುದ್ದಿ ಎನ್ನಬಹುದು. ಅತ್ಯಾರ ಮೊಣಕಾಲಿಗೂ ಮಡಿಗೂ ಬಿದ್ದ ಗಂಟು ಸುದ್ದಿ. ಬೆಳಿಗ್ಗೆ ಮಿಂದು, ಯಾರೂ ಮುಟ್ಟದ ಸೀರೆ ಉಟ್ಟು, ಅವರು ನೆಲದ ಮೇಲೆ ಮಣೆ ಹಾಕಿ ಜಪಕ್ಕೆ ಕೂರುತ್ತಿದ್ದರು. ಜಪ ಮುಗಿಸಿ ಎದ್ದು, ತಮ್ಮ ಅಡುಗೆ ತಾವೇ ಮಾಡಿಕೊಂಡು ಉಣ್ಣಬೇಕು. ಕೂರಲು ಬರುತ್ತಿತ್ತು, ಏಳಲು ಬರುತ್ತಿರಲಿಲ್ಲ. ಏಳಬೇಕಾದರೆ ಯಾರಾದರೂ ಕೈ ಹಿಡಿಯಬೇಕು. ಕೈ ಹಿಡಿದರೆ ಮಡಿ ಹೋಯಿತು. ಮತ್ತೆ ಸ್ನಾನ, ಮತ್ತೊಂದು ಸೀರೆ, ಮತ್ತೆ ಮೊದಲಿನಿಂದ ಜಪ. ಜಪಕ್ಕೆ ಮತ್ತೆ ನೆಲ. ಮತ್ತೆ ಏಳಲು ಕೈ. ನಮ್ಮ ಮನೆಯಲ್ಲಿ ಅತ್ಯಾರ ಊಟ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ನಿಂತಿತು. ಕೆಲವು ದಿನ ಅದೂ ಇಲ್ಲ, ಒಂದು ಬಾಳೆಹಣ್ಣು ತಿಂದು ಮಲಗಿಬಿಡುತ್ತಿದ್ದರು. ಕುರ್ಚಿ ತಂದುಕೊಟ್ಟೆ. "ಕುರ್ಚಿ ಮ್ಯಾಲ ಕುಂತು ಜಪಾ ಮಾಡಲಿಕ್ಕೆ ದೇವರು ತಹಶೀಲ್ದಾರ ಏನು?" ಎಂದರು.

ಚಾವಣಿಯ ತೊಟ್ಟಿಲ ಕೊಂಡಿಗೆ ಹಗ್ಗ ಕಟ್ಟಿದ್ದೂ ಆಯಿತು. ಅದನ್ನು ಹಿಡಿದು ಏಳುವುದು ಸುಮಾಳ ಯೋಜನೆ. ಹಗ್ಗಕ್ಕೂ ಮಡಿ ಬೇಕು, ದಿನಾ ನೆನೆಸಿ ಒಣಗಿಸಬೇಕು. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೆಯ ದಿನ ಪಕ್ಕದ ಮನೆಯ ಬೆಕ್ಕು ಹಗ್ಗದ ತುದಿಯೊಡನೆ ಆಡುತ್ತಿದ್ದುದನ್ನು ಅತ್ಯಾ ಕಣ್ಣಾರೆ ಕಂಡರು. ಆ ದಿನ ಮನೆಯ ವಾತಾವರಣ ಉದ್ವಿಗ್ನವಾಗಿತ್ತು, ಆದರೆ ನಿಯಂತ್ರಣದಲ್ಲಿತ್ತು.

ಗುಲಬರ್ಗಾದ ಡಾಕ್ಟರು ಮಾತ್ರೆ ಬರೆಯಲಿಲ್ಲ. ಸೊಂಟಮಟ್ಟ ನೀರಿನಲ್ಲಿ ದಿನಾ ಬೆಳಿಗ್ಗೆ ನಡೆಯಿರಿ ಎಂದರು. ಅಂಥ ನೀರು ಎಲ್ಲಿದೆ ಎಂದು ಅತ್ಯಾ ಕೇಳುವ ಮೊದಲೇ ಸುಮಾ ನನ್ನನ್ನು ನೋಡಿದಳು, ನಾನು ಸುಮಾಳನ್ನು ನೋಡಿದೆ. ಸಾಹುಕಾರರ ಗುಂಡಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು. ಹಳೆಯ ಕೆಂಪು ಸೀರೆ ಉಟ್ಟು ಅತ್ಯಾ ಗುಲಾಬಿ ನೀರಿನಲ್ಲಿ ಆ ದಡದಿಂದ ಈ ದಡಕ್ಕೆ, ತರಗತಿಯಲ್ಲಿ ಬೆಂಚುಗಳ ನಡುವೆ ಓಡಾಡಿದಂತೆ ಕೈಕಟ್ಟಿ ನಡೆಯುತ್ತಿದ್ದರು. ಆಮೇಲೆ ಬಾವಿ ನೀರಲ್ಲಿ ಸ್ನಾನ, ಮಡಿ, ಜಪ. ಯುಗಾದಿಯ ಹೊತ್ತಿಗೆ ಗೋಡೆಗೆ ಅಂಗೈ ಊರಿ, ಯಾರ ಸಹಾಯವೂ ಇಲ್ಲದೆ, ಅರ್ಧ ಏಳುವಷ್ಟಾದರು. ಉಳಿದ ಅರ್ಧಕ್ಕೆ ಮಾತ್ರ ಕೈ ಬೇಕಾಗಿತ್ತು.

ಅಷ್ಟರಲ್ಲಿ ಪಾದದ ಪ್ರಕರಣ ನಡೆಯಿತು. ಗುಡಿಯಲ್ಲಿ ಪಕ್ಕ ಕೂತ ಹೆಂಗಸೊಬ್ಬರು ಅತ್ಯಾರ ಪಾದ ನೋಡಿ, "ಏನ್ರಿ ಬಾಯಾರ, ಮೆಹೆಂದಿ ಹಚ್ಚಿಸೀರೇನು? ಭಾಳ ಛಲೋ ರಂಗ ಹತ್ಯಾದ" ಎಂದರು. ಲಾಲ್ ದವಾ ಚರ್ಮಕ್ಕೆ ಹತ್ತಿದರೆ ಕಂದು ಕಲೆ ಬಿಡುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಪ್ರತಿ ಉಗುರಿಗೂ ಅಚ್ಚುಕಟ್ಟಾಗಿ ಹತ್ತಿತ್ತು. ಅತ್ಯಾ ಮನೆಗೆ ಬಂದವರೇ ಪಾದ ಮುಂದೆ ಚಾಚಿ ಕೂತು, "ನೋಡು ಗುರ್ಯಾ. ಎಪ್ಪತ್ತರ ಸಮೀಪ ಬಂದೀನಿ, ಮದಲಿಂಗಿತ್ತಿ ಮಾಡಿಟ್ಟಿ ನನ್ನ. ನಾಳಿಂದ ಆ ನೀರಿಗೆ ಇಳಿಯಂಗಿಲ್ಲ. ಬ್ಯಾರೆ ಏನರ ಹಾಕಿದ್ರ ಇಳೀತೀನಿ, ಇಲ್ಲಾಂದ್ರ ಸೇಡಂಗೆ ಹೋಗ್ತೀನಿ. ಅಲ್ಲಿ ಎಬ್ಬಿಸಲಿಕ್ಕೂ ಯಾರಿಲ್ಲ, ಮುಟ್ಟಲಿಕ್ಕೂ ಯಾರಿಲ್ಲ" ಎಂದರು. ನಗುತ್ತಲೇ ಹೇಳಿದರು. ಆದರೆ ಸೇಡಂನ ಮನೆಯಲ್ಲಿ ಅವರೊಬ್ಬರೇ ಜಪಕ್ಕೆ ಕೂತು, ಏಳಲಾರದೆ, ಕೂಗಿದರೂ ಯಾರಿಗೂ ಕೇಳದೆ ಇರುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ಸುಮಾಳಿಗೂ ಕಟ್ಟಿರಬೇಕು. ಒಳಗೆ ಪಾತ್ರೆಗಳ ಸದ್ದು ನಿಂತಿತ್ತು.

ನಾನು ಕೂಡಲೇ ಮಾಹಿತಿ ಸಂಗ್ರಹಕ್ಕೆ ಇಳಿದೆ. ಎಸ್‌ಟಿಡಿ ಬೂತಿನಿಂದ ಸಾಹುಕಾರರಿಗೆ ಫೋನು ಹಚ್ಚಿದೆ. "ಅಯ್ಯ, ಬ್ಲೀಚಿಂಗ್ ಪೌಡರ್ ಹೊಡೀರಿ ಸರ. ಇದ್ದ ನೀರಿಗೇ ಹೊಡೀರಿ, ಜಬರ್ದಸ್ತ್ ಸಾಫ್ ಆಗ್ತದ" ಎಂದರು. ಎರಡನೆಯ ಮೂಲವಾಗಿ ಆಸ್ಪತ್ರೆಯ ಹೆಲ್ತ್ ಇನ್‌ಸ್ಪೆಕ್ಟರ್ ವೀರಭದ್ರಪ್ಪನವರನ್ನು ಕಂಡೆ. ಅವರು ಎರಡೂ ಕೈ ಅಡ್ಡ ಆಡಿಸಿ, "ತಡೀರಿ, ತಡೀರಿ. ಪುಡಿ ಖರೇ, ಆದ್ರ ಕೆಂಪ ನೀರಿನ ಮ್ಯಾಲ ಹಾಕಬ್ಯಾಡ್ರಿ. ಹಳೀ ನೀರು ಪೂರಾ ಖಾಲಿ ಮಾಡ್ರಿ, ಕಲ್ಲು ತಿಕ್ಕಸ್ರಿ, ಹೊಸಾ ನೀರು ತುಂಬಸ್ರಿ, ಆಮ್ಯಾಲ ಪುಡಿ" ಎಂದರು. ಬೇರೆ ಯಾರೇ ಆಗಿದ್ದರೂ ಇಬ್ಬರಲ್ಲಿ ಒಬ್ಬರನ್ನು ನಂಬುತ್ತಿದ್ದರು. ನನಗೆ ಆ ಅಭ್ಯಾಸವಿಲ್ಲ. ಹೇಳಿಕೆಗಳು ಬೇರೆಯಾದಾಗ ಎರಡಕ್ಕೂ ಸಮಾನ ಸ್ಥಳ ಕೊಡುವುದು ನಮ್ಮ ವೃತ್ತಿಯ ಧರ್ಮ. ಆದ್ದರಿಂದ ಅರ್ಧ ನೀರು ಖಾಲಿ ಮಾಡಿದೆ, ಉಳಿದ ಅರ್ಧ ಗುಲಾಬಿ ನೀರಿನ ಮೇಲೆ ಹೊಸ ನೀರು ಬಿಟ್ಟೆ, ಅದಕ್ಕೆ ಒಂದು ಬಕೆಟ್ ಪುಡಿ ಸುರಿದೆ. ಫಲಿತಾಂಶವನ್ನು ಮೊದಲ ಪ್ಯಾರಾದಲ್ಲೇ ಹೇಳಿದ್ದೇನೆ. ಸುಮಾ ಬಂದು ನೋಡಿ, "ಹಾಲು ಸ್ವಲ್ಪ ಕಮ್ಮಿ ಬಿದ್ದಾದ" ಎಂದಳು.

ಆಮೇಲಿನ ದಿನಗಳಲ್ಲಿ ನಾನು ನಿಂತಲ್ಲಿ ನಿಲ್ಲಲಿಲ್ಲ. ಪಟಕ, ಅಂದರೆ ಪಟಿಕಾರ, ಹಾಕಿದರೆ ರಾಡಿ ತಳಕ್ಕೆ ಇಳಿಯುತ್ತದೆ ಎಂದು ವೀರಭದ್ರಪ್ಪನವರೇ ಮತ್ತೆ ಹೇಳಿದ್ದರಿಂದ (ಈ ಸಲ ಎರಡನೆಯ ಮೂಲವನ್ನು ಕೇಳಲಿಲ್ಲ) ಪಟಕ ಹಾಕಿದೆ. ನೀರು ತಿಳಿಯಾಯಿತೇ ಎಂದು ಅಳೆಯಲು ಒಂದು ಸ್ಟೀಲ್ ತಾಟು ತಳಕ್ಕೆ ಬಿಟ್ಟೆ. ಅದು ನಾನು ಉಣ್ಣುವ ತಾಟು. ಅದು ಕಂಡ ದಿನ ನೀರು ಸರಿಹೋಯಿತು ಎಂದು ಲೆಕ್ಕ. ಎದ್ದ ಕೂಡಲೇ ಹೋಗಿ ನೋಡುವುದು, ಹಲ್ಲುಜ್ಜುತ್ತಾ ನೋಡುವುದು, ಚಪ್ಪಲಿ ಮೆಟ್ಟಿ ಹೊರಟವನು ವಾಪಸು ಬಂದು ನೋಡುವುದು. ತಾಟು ಕಾಣಲಿಲ್ಲ. ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಚಹಾದ ಲೋಟ ಕೈಗೆ ಬಂದರೆ ಅದರ ತಳದಲ್ಲೂ ತಾಟು ಹುಡುಕುತ್ತಿದ್ದೆ. ಚಿಂಚೋಳಿಗೆ ಅರಣ್ಯ ಇಲಾಖೆಯ ಸಸಿ ನೆಡುವ ಕಾರ್ಯಕ್ರಮಕ್ಕೆ ಹೋದವನು ಸಸಿ ನೆಡುವ ಮೊದಲೇ ಬೂತು ಹುಡುಕಿಕೊಂಡು ಹೋಗಿ ಪಕ್ಕದ ಮನೆಗೆ ಫೋನು ಮಾಡಿ, ಸುಮಾಳನ್ನು ಕರೆಸಿ, "ತಾಟು ಕಾಣ್ತದೇನು?" ಎಂದು ಕೂಗಿದೆ. "ಇಲ್ರಿ, ನಿಮ್ಮ ಸಲುವಾಗಿ ಹೊಸಾ ತಾಟು ತಂದೀನಿ, ಸುಮ್ಮನ ಮನಿಗಿ ಬರ್ರಿ" ಎಂಬ ಉತ್ತರ ಬೂತಿನಲ್ಲಿ ನಿಂತಿದ್ದವರಿಗೆಲ್ಲ ಕೇಳಿಸಿತು. ಒಬ್ಬರು ಕರುಣೆಯಿಂದ ನನಗೆ ಕೂರಲು ಸ್ಟೂಲು ಕೊಟ್ಟರು.

ಅತ್ತ ಅತ್ಯಾರ ಮೊಣಕಾಲು ದಿನದಿನಕ್ಕೂ ಬಿಗಿಯುತ್ತಿತ್ತು. ಗೋಡೆ ಹಿಡಿದು ಏಳುತ್ತಿದ್ದ ಅರ್ಧವೂ ಕಾಲಾಯಿತು. ಊಟ ಮತ್ತೆ ದೀಪ ಹಚ್ಚುವ ಹೊತ್ತಿಗೆ ಹೋಯಿತು. ಒಂದು ಸಂಜೆ ಅವರ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದು ಗೋಡೆಗೆ ಒರಗಿರುವುದನ್ನು ಕಂಡೆ. ಏನೆಂದು ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ ಎಂಬ ಭಯ ನನ್ನ ವೃತ್ತಿಯಲ್ಲಿ ಅದೇ ಮೊದಲ ಸಲ ಬಂತು.

ಮರುದಿನ ಬೆಳಿಗ್ಗೆ ತಾಟು ನೋಡಲು ಹೋದರೆ ಕೊಳದಲ್ಲಿ ಅತ್ಯಾ ಇದ್ದರು. ಚಹಾದಂಥ ನೀರಿನಲ್ಲಿ ಸೊಂಟದವರೆಗೆ ಮುಳುಗಿ, ಕೈಕಟ್ಟಿ ನಡೆಯುತ್ತಿದ್ದರು.

"ಅತ್ಯಾ, ಇನ್ನೂ ತಾಟು ಕಂಡಿಲ್ಲ! ಏನು ಮಾಡಾಕತ್ತೀ?"

"ನಡಿಯಾಕತ್ತೀನಿ, ಕಾಣಂಗಿಲ್ಲೇನು? ಆಷಾಢದಾಗ ಮಳಖೇಡದ ಕಾಗಿಣಾ ಹೊಳಿ ಯಾವಾಗರ ನೋಡೀಯೇನು ನೀ? ಇದಕ್ಕಿಂತ ದಟ್ಟ ಇರ್ತದ. ಅದರಾಗ ಮುಣಗಿ ಮುಣಗಿ ದೊಡ್ಡಾಕಿ ಆಗೀನಿ ನಾ. ನೀ ಇದಕ್ಕ ಔಷಧ ಹಾಕಿದಿ, ಪಟಕ ಹಾಕಿದಿ, ಆಮ್ಯಾಲ ನಿನ್ನ ತಾಟೂ ಹಾಕಿದಿ. ಹೊಳಿಗೆ ಯಾರು ತಾಟು ಹಾಕ್ತಾರೋ?" ಎಂದರು. ಸ್ವಲ್ಪ ದೂರ ಹೋಗಿ ತಿರುಗಿ, "ತಾಟು ಇಲ್ಲೇ ಅದ. ಕಾಲಿಗಿ ಹತ್ತಾಕತ್ತದ" ಎಂದೂ ಸೇರಿಸಿದರು.

ಟ್ರಂಕು ಮಂಚದ ಕೆಳಗೆ ಹೋಯಿತು. ಕೆಲವು ದಿನಗಳ ನಂತರ ರಾಡಿ ತಾನಾಗಿ ಇಳಿದು, ನೀರು ಯಾರೂ ಗಮನಿಸದ ಹೊತ್ತಿನಲ್ಲಿ ತಿಳಿಯಾಯಿತು. ಕಲ್ಲಿನ ಗೋಡೆಗೆ ಸುತ್ತಲೂ ಒಂದು ಕಂದು ಗೆರೆ ಮಾತ್ರ ಉಳಿಯಿತು. ಅದು ಏನು ತಿಕ್ಕಿದರೂ ಹೋಗಲಿಲ್ಲ. ಪಾದಗಳು ಬೆಳ್ಳಗಾದವು. ಆದರೆ ಪುಡಿಗೆ ಬಟ್ಟೆಯ ಮೇಲೂ ಅಧಿಕಾರವಿದೆ ಎಂಬುದು ಆಮೇಲೆ ತಿಳಿಯಿತು. ಅತ್ಯಾರ ಕೆಂಪು ಸೀರೆ ಮೊದಲು ಅಂಚಿನಲ್ಲಿ, ಆಮೇಲೆ ಒಡಲಲ್ಲಿ ತೇಪೆ ತೇಪೆಯಾಗಿ ಬಿಳಚಿ, ಕೊನೆಗೆ ಅಪ್ಪಟ ಗುಲಾಬಿಯಾಯಿತು. ಹಳೆಯ ನೀರಿನದೇ ಬಣ್ಣ. "ನೀರಿನಾಗಿಂದು ತಗದು ನನಗ ಉಡಿಸಿದಿ" ಎಂದರು ಅತ್ಯಾ. ಆ ಸೀರೆಯನ್ನು ಬಿಡಲಿಲ್ಲ, ಕೊಳಕ್ಕೆ ಅದೇ ಇರಲಿ ಎಂದರು.

ಶ್ರಾವಣದ ಒಂದು ಬೆಳಿಗ್ಗೆ ಅತ್ಯಾ ಜಪ ಮುಗಿಸಿ, ಗೋಡೆಗೆ ಒಂದು ಕೈ ಊರಿ, ಇನ್ನೊಂದು ಕೈಯನ್ನು ತಮ್ಮದೇ ಮೊಣಕಾಲಿಗೆ ಊರಿ, ಎದ್ದು ನಿಂತರು. ಪೂರ್ತಿ. ಬಾಗಿಲಲ್ಲಿ ಸುಮಾ, ಅವಳ ಹಿಂದೆ ನಾನು, ಇಬ್ಬರೂ ನಿಂತಿದ್ದೆವು. ಅತ್ಯಾ ನಮ್ಮನ್ನು ನೋಡಿ, "ಏನ್ ನಿಂತೀರಿ ಮದುವಿ ನೋಡೋರಂಗ? ಸರೀರಿ, ಮುಟ್ಟಿಗಿಟ್ಟೀರಿ" ಎಂದು ಅಡುಗೆಮನೆಗೆ ನಡೆದರು. ಅಂದು ಅವರು ಮಧ್ಯಾಹ್ನವೇ ಉಂಡರು. ಸುಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಿತ್ತಲಿಗೆ ಹೋಗಿ ನೀರು ನೋಡಿ ಬಂದೆ. ಅಭ್ಯಾಸ.

ಸಾಹುಕಾರರು ಕೆಲವು ವರ್ಷಗಳ ನಂತರ ಮನೆ ಮಾರಿದರು. ಕೊಂಡವರು ಕೊಳಕ್ಕೆ ಕಲ್ಲಿನ ಚೂರು ತುಂಬಿ, ಮೇಲೆ ಲಾರಿ ನಿಲ್ಲಿಸುತ್ತಾರೆ. ನಾವು ಇದೇ ಊರಿನ ಇನ್ನೊಂದು ಮನೆಗೆ ಬಂದೆವು. ಇಲ್ಲಿ ನೀರು ಬಕೆಟ್ಟಿನಲ್ಲಿ ಮಾತ್ರ ಇರುತ್ತದೆ. ಅತ್ಯಾರಿಗೆ ಈಗ ಕಣ್ಣು ಮಂದ. ಬೆಳಿಗ್ಗೆ ಜಪದ ನಂತರ ನಾನು ಅವರಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ಕೂತು ಪೇಪರು ಓದಿ ಹೇಳುತ್ತೇನೆ. 'ಎನ್ನಲಾಗಿದೆ' ಬಂದಲ್ಲೆಲ್ಲ ಅವರು ತಡೆಯುತ್ತಾರೆ.

೨೦೦೮ರ ಈ ಬೆಳಿಗ್ಗೆಯೂ ಹಾಗೆಯೇ ಓದಿದೆ. ಓದು ಮುಗಿಯಿತು. ಅತ್ಯಾ ಗೋಡೆಗೆ ಕೈ ಊರಿ ಎದ್ದು ಅಡುಗೆಮನೆಗೆ ಹೋದರು. ನಾನು ಏಳಲು ನೋಡಿದೆ. ಮೊದಲ ಪ್ರಯತ್ನ ವಿಫಲವಾಯಿತು, ಎರಡನೆಯದೂ ಅಷ್ಟೇ. "ಅತ್ಯಾ, ಸ್ವಲ್ಪ ಕೈ ಕೊಡು" ಎಂದು ಕರೆದೆ. ಅವರು ಬಾಗಿಲಿಗೆ ಬಂದು ನೋಡಿದರು. "ಮಡಿಯಾಗಿದ್ದೀನೋ ಗುರ್ಯಾ. ಸುಮಾ ಬರೂತನಕಾ ಕುಂತಲ್ಲೇ ಏನರ ಬರಿ" ಎಂದರು. ವರದಿಗಾರನ ಜೇಬಿನಲ್ಲಿ ಪೆನ್ನೂ ಕಾಗದವೂ ಇದ್ದೇ ಇರುತ್ತವೆ. ಸುಮಾ ಸಂತೆಗೆ ಹೋಗಿದ್ದಾಳೆ. ಇದನ್ನು ಬರೆದು ಮುಗಿಸುವ ಹೊತ್ತಿಗೆ ಆಕೆ ವಾಪಸಾಗಿಲ್ಲ. ನಾನು ನೆಲದ ಮೇಲಿದ್ದೇನೆ.