ಅಂಚಿನ ಮೂರು ಗುಲಾಬಿಗಳು

ಕೇಳಿದವರಿಗೆಲ್ಲ ಆಯ್ಕೆ ಕೊಡುವುದು ದೊಡ್ಡ ಗುಣವೆಂದು ಕೆಲವರು ತಿಳಿದಿದ್ದಾರೆ. ನಾನು ತಿಳಿದಿಲ್ಲ. ಊಟಕ್ಕೆ ಕರೆದು "ಸಾರಿಗೆ ಉಪ್ಪೆಷ್ಟು ಹಾಕಲಿ?" ಎಂದು ಕೇಳುವವರಿಗೆ ಅಡುಗೆ ಬರುವುದಿಲ್ಲ ಎಂದೇ ಅರ್ಥ. ಎಂಟನೇ ತರಗತಿಗೆ ಶಾಲೆ ಬಿಟ್ಟವನು ನಾನು. ಹೊಸಪೇಟೆಯಲ್ಲಿ ಹತ್ತು ವರ್ಷ ಅಂಗಡಿಗಳ ಬೋರ್ಡು ಬರೆದೆ, ಆಮೇಲೆ ಕುಂಚ ಇಟ್ಟು ಕೀಲಿಮಣೆ ಹಿಡಿದೆ. ಪ್ರೋಗ್ರಾಂ ಬರೆಯುವುದನ್ನು ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಯಾವ ಮೇಷ್ಟರಿಗೂ ಹೆದರಬೇಕಾಗಿಲ್ಲ.

ನಾನು ಬರೆದಿರುವುದು ಚಿತ್ರ ಬಿಡಿಸುವ ಆಜ್ಞೆಗಳ ಒಂದು ಗಂಟು. ಬೇರೆಯವರು ಅದನ್ನು ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಂಡು "ಇಲ್ಲಿಂದ ಅಲ್ಲಿಗೆ ಗೆರೆ ಎಳೆ" ಎಂದರೆ ಸಾಕು, ಎಳೆಯುತ್ತದೆ. ಪರದೆಯ ತುಂಬ ಚುಕ್ಕೆಗಳಷ್ಟೇ ಇರುವುದರಿಂದ ಓರೆ ಗೆರೆಯ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಅಂಚಿನ ಚುಕ್ಕೆಗಳಿಗೆ ಎರಡೂ ಕಡೆಯ ಬಣ್ಣ ಬೆರೆಸಿ ಹಚ್ಚಿದರೆ ಕಣ್ಣು ಮೋಸಹೋಗುತ್ತದೆ. ಓದಿದವರು ಇದನ್ನು ಆಂಟಿ-ಏಲಿಯಾಸಿಂಗ್ ಎನ್ನುತ್ತಾರೆ. ನಾನು ನಯ ಎನ್ನುತ್ತೇನೆ. ಬೋರ್ಡಿನ ಅಕ್ಷರ ಹಲ್ಲು ಬಿಟ್ಟರೆ ಆ ಕೆಲಸ ಕಲಿಸಿದ ನಮ್ಮ ಉಸ್ತಾದರು ಕುಂಚದ ಹಿಡಿಯಿಂದ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಹಾಗಾಗಿ ನನ್ನ ಗಂಟಿನಲ್ಲಿ ನಯ ಸದಾ ಇರುತ್ತಿತ್ತು. ತೆಗೆಯುವ ದಾರಿಯನ್ನೇ ಇಟ್ಟಿರಲಿಲ್ಲ.

ಕಂಪ್ಲಿಯ ಮಂಜುನಾಥ ಇಂಜಿನಿಯರಿಂಗ್ ಓದಿದವನು. ಸಂಡೂರಿನ ಕಸೂತಿ ಹೆಂಗಸರಿಗೆ ವಿನ್ಯಾಸದ ಹಾಳೆ ಮಾಡಿಕೊಡುವ ಅವನ ಪ್ರೋಗ್ರಾಮಿಗೆ ನನ್ನ ಗಂಟೇ ಆಧಾರ. ಒಂದು ದಿನ ಬಂದು ಕುಳಿತ.

"ಅಣ್ಣಾರ, ನಯಕ್ಕೊಂದು ಆಪ್ಷನ್ ಕೊಡ್ರಿ. ಬ್ಯಾಡ, ಸ್ವಲ್ಪ, ಮಧ್ಯಮ, ಭಾಳ... ನಾಕು ಇರ್ಲಿ."

"ಗರಗಸದ ಹಲ್ಲು ಯಾವನಿಗೆ ಬೇಕಲೇ? ನಯ ಮಾಡೋದು ನನ್ನ ಕೆಲಸ."

"ದುನಿಯಾದಾಗ ಎಲ್ಲಾರೂ ಕೊಡ್ತಾರ್ರೀ."

"ದುನಿಯಾಕ್ಕ ಬೋರ್ಡು ಬರಿಯಾಕ ಬರ್ತದೇನು?"

ಅವನು ಚಹಾ ಕುಡಿದು ಎದ್ದುಹೋದ. ಗೆದ್ದೆ ಎಂದುಕೊಂಡೆ.

ಹದಿನೈದು ದಿನಕ್ಕೆ ಮತ್ತೆ ಬಂದವನು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಂಡೂರಿಗೆ ಕರೆದೊಯ್ದ. ಲಂಬಾಣಿ ಕಸೂತಿಯಲ್ಲಿ ಪಳಗಿದ ಸೋಮ್ಲಿಬಾಯಿ ಕಟ್ಟೆಯ ಮೇಲೆ ಬಟ್ಟೆ ಹರಡಿಕೊಂಡು ಕುಳಿತಿದ್ದರು. ಬಿಳಿ ನೆಲಕ್ಕೆ ಕೆಂಪು ತ್ರಿಕೋನಗಳ ಸಾಲು. ಶುಕ್ರವಾರ ಗಿರಾಕಿಗೆ ಮುಟ್ಟಿಸಬೇಕು. ಮಂಜುನಾಥನ ಹಾಳೆಯಲ್ಲಿ ಒಂದು ಚುಕ್ಕೆಯೆಂದರೆ ಒಂದು ಹೊಲಿಗೆ. ನನ್ನ ನಯವೋ ಕೆಂಪಿಗೂ ಬಿಳಿಗೂ ನಡುವೆ ಮೂರು ಬಗೆಯ ಗುಲಾಬಿ ಚುಕ್ಕೆಗಳನ್ನು ತುಂಬಿತ್ತು. ಹಾಳೆಯಲ್ಲಿದ್ದಂತೆಯೇ ಹಾಕಬೇಕೆಂದು ಇವನು ಹೇಳಿದ್ದನಂತೆ. ಆಕೆ ಹೊಸಪೇಟೆಯಿಂದ ಮೂರು ಗುಲಾಬಿ ದಾರ ತರಿಸಿ, ಎಳೆ ಎಣಿಸಿ, ಮೊಳದುದ್ದ ಹೊಲಿದಿದ್ದರು. ಬಟ್ಟೆ ತೊಳೆಯುವ ಮೊದಲೇ ಬಣ್ಣ ಬಿಟ್ಟಂತೆ ಕಾಣುತ್ತಿತ್ತು.

"ಸ್ವಲ್ಪ ದೂರ ನಿಂತು ನೋಡ್ರಿ ಅಕ್ಕಾ, ಅಂಚು ನಯ ಕಾಣ್ತದ" ಎಂದೆ.

"ದೂರದಿಂದ ನೋಡಾಕ ಇದೇನು ಗುಡ್ಡ ಏನ್ರಿ ಅಣ್ಣಾ? ನಮ್ಮ ತ್ರಿಕೋನಕ್ಕ ಹಲ್ಲಿರಬೇಕು. ಹಲ್ಲಿಲ್ಲದ್ದು ಮುದುಕಿ ಬಾಯಿ" ಎಂದವರೇ ನನ್ನ ಕೈಗೆ ಸೂಜಿ, ಕತ್ತರಿ ಕೊಟ್ಟರು. "ಕುಂದ್ರಿ. ಗುಲಾಬಿ ಅಷ್ಟೂ ಬಿಚ್ರಿ. ಕೆಂಪು ಮುಟ್ಟಬ್ಯಾಡ್ರಿ."

ಬಿಚ್ಚಿದೆ. ಮಂಜುನಾಥ ಪಕ್ಕದಲ್ಲಿ ಕುಳಿತು ನಗು ನುಂಗುತ್ತಾ ಬಿಚ್ಚಿದ. ನಾನು ಬಿಚ್ಚಿದ ಕಡೆಯೆಲ್ಲ ಸೋಮ್ಲಿಬಾಯಿ ಕೆಂಪೋ ಬಿಳಿಯೋ ಎಂದು ನೋಡುತ್ತಲೇ ತೀರ್ಮಾನಿಸಿ ಹಿಂದಿನಿಂದ ಹೊಲಿಯುತ್ತಾ ಬಂದರು. ಯೋಚಿಸಲು ಒಮ್ಮೆಯೂ ನಿಲ್ಲಲಿಲ್ಲ. ಒಂದೊಂದು ಚುಕ್ಕೆಯನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಕುತ್ತಿಗೆ ಹಿಡಿದುಕೊಂಡಿತು. ಬಟ್ಟೆ ಶುಕ್ರವಾರ ಗಿರಾಕಿಗೆ ಮುಟ್ಟಿತು.

ಊರಿಗೆ ಬಂದವನೇ ಆಪ್ಷನ್ ಇಟ್ಟೆ. ಸೋತೆನೆಂದು ತಿಳಿಯಬೇಡಿ. ಸ್ವಲ್ಪ, ಮಧ್ಯಮ ಎಂಬ ರಾಗವೆಲ್ಲ ಇಲ್ಲ. ಬೇಕು, ಬೇಡ, ಎರಡೇ. ಏನೂ ಹೇಳದಿದ್ದರೆ ಗಂಟು ಗೆರೆಯನ್ನೇ ಎಳೆಯುವುದಿಲ್ಲ.

"ಹೇಳದಿದ್ರ ಯಾವದಾರ ಒಂದನ್ನ ಅದು ತಾನಾಗೇ ಇಟ್ಕೋಬೇಕ್ರಿ, ದುನಿಯಾದಾಗ ಅದ ಪದ್ಧತಿ" ಎಂದ ಮಂಜುನಾಥ.

"ದುನಿಯಾ ಸಂಡೂರಿಗೆ ಬಂದು ಹೊಲಿಗಿ ಬಿಚ್ಚಲಿ, ಆಮ್ಯಾಲ ಮಾತಾಡೋಣು."

ಮರುದಿನ ಬೆಳಿಗ್ಗೆ ಅದೇ ಗಂಟು ಸೇರಿಸಿ ನಾನೇ ಬರೆದ, ಬೋರ್ಡಿನ ಅಕ್ಷರ ಬಿಡಿಸುವ ಪ್ರೋಗ್ರಾಂ ತೆರೆದರೆ ಅಕ್ಷರವೇ ಇಲ್ಲ, ಖಾಲಿ ಪರದೆ. ಕೆಳಗೊಂದು ಸಾಲು: 'ನಯ ಬೇಕೋ ಬೇಡವೋ ಮೊದಲು ಹೇಳು. ಊಹಿಸುವುದು ನನ್ನ ಕೆಲಸವಲ್ಲ.' ಯಾವ ಸೊಕ್ಕಿನವನು ಹೀಗೆ ಬರೆದ ಎಂದು ಸಿಟ್ಟು ನೆತ್ತಿಗೇರಿತು. ಯಾರೆಂದು ನೆನಪಾದ ಮೇಲೂ ಸಾಲು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಮೊದಲಿಗೊಂದು 'ದಯವಿಟ್ಟು' ಸೇರಿಸಿದ್ದೇನೆ, ಅಷ್ಟೇ. ಹೇಳಲು ಮರೆತು ದಿನಕ್ಕೆ ನಾಲ್ಕು ಸಲ ಬೈಸಿಕೊಳ್ಳುವವನು ನಾನೇ ತಾನೇ.